ಅಡಿಕೆ ಅಂಗಳದಿಂದ ಅಗಸ್ತ್ಯದವರೆಗೆ: ನಕ್ಷತ್ರಗಳ ಉರಿ, ಬೆಳಕಿನ ಅಳತೆ

ಮಳೆಗಾಲ ಕಳೆದು ಚಳಿ ಹುಟ್ಟುವ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ತೋಟದ ಮನೆಗಳ ಅಂಗಳದಲ್ಲಿ ಹಣ್ಣಡಿಕೆ ಹರಡಿಕೊಳ್ಳುತ್ತದೆ. ಸುಮಾರು ನಲವತ್ತು ದಿನ ಬಿಸಿಲು ಕುಡಿದು, ಅಲುಗಿಸಿದರೆ ಸಿಪ್ಪೆಯೊಳಗೆ ಗಲಗಲ ಸದ್ದು ಬರುವಷ್ಟು ಒಣಗಿದ ಮೇಲೆ ಅದು ಚಾಲಿಗೆ ಸಿದ್ಧವಾಗುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಗಳವೊಂದರ ಮೇಲೆ ನಿರಭ್ರ ಮಧ್ಯಾಹ್ನದಲ್ಲಿ ಬೀಳುವ ಬಿಸಿಲು ಹೆಚ್ಚುಕಡಿಮೆ ಒಂದು ಲಕ್ಷ ವ್ಯಾಟ್, ಅಂದರೆ ನೂರು ವ್ಯಾಟಿನ ಸಾವಿರ ಬಲ್ಬುಗಳನ್ನು ಒಟ್ಟಿಗೆ ಉರಿಸಿದಷ್ಟು. ವಾತಾವರಣದ ಸೋಸುವಿಕೆ ಇಲ್ಲದ ಎತ್ತರದಲ್ಲಿ, ಸೂರ್ಯನಿಗೆ ನೇರವಾಗಿ ಒಡ್ಡಿದ ಒಂದು ಚದರ ಮೀಟರಿನ ಪಾಲು 1361 ವ್ಯಾಟ್. ನಕ್ಷತ್ರಗಳು ಎಷ್ಟು ಉರಿಯುತ್ತವೆ, ಏಕೆ ಉರಿಯುತ್ತವೆ ಎಂಬ ಪ್ರಶ್ನೆಗಳಿಗೆ ವಿಜ್ಞಾನ ಉತ್ತರ ಹುಡುಕಿದ್ದು ಇಂಥದೇ ಒಂದು ಅಳತೆಯಿಂದ ಹೊರಟು. ಬೆಳಕನ್ನು ಅಳೆಯಲು ಬಾರದಿದ್ದರೆ ಉರಿಯ ಗುಟ್ಟನ್ನು ಕೇಳುವುದಕ್ಕೂ ದಾರಿ ಇರುತ್ತಿರಲಿಲ್ಲ.

1830ರ ದಶಕದ ಕೊನೆಯ ಭಾಗದಲ್ಲಿ ಖಗೋಳಜ್ಞ ಜಾನ್ ಹರ್ಷೆಲ್ ದಕ್ಷಿಣ ಆಫ್ರಿಕದ ತುದಿಯಲ್ಲಿ ತವರದ ಪಾತ್ರೆಯೊಂದರಲ್ಲಿ ನೀರು ತುಂಬಿ ಬಿಸಿಲಿಗಿಟ್ಟು, ಎಷ್ಟು ಹೊತ್ತಿಗೆ ಅದು ಎಷ್ಟು ಬಿಸಿಯಾಗುತ್ತದೆಂದು ನೋಡಿ ಸೂರ್ಯನ ಶಾಖವನ್ನು ಲೆಕ್ಕ ಹಾಕಿದನು. ಫ್ರಾನ್ಸಿನಲ್ಲಿ ಕ್ಲಾಡ್ ಪುಯಿಯೆ ಎಂಬುವನೂ ಸರಿಸುಮಾರು ಅದೇ ಕಾಲದಲ್ಲಿ ಅದೇ ಕೆಲಸವನ್ನು ಮಾಡಿದನು. ಉಪಕರಣ ಸರಳವಾದರೂ ಅದರ ಹಿಂದಿನ ತರ್ಕ ಬಹಳ ದೂರ ಹೋಗುತ್ತದೆ. ಸೂರ್ಯನಿಂದ ಭೂಮಿಗಿರುವ ಅಂತರ ಸುಮಾರು 15 ಕೋಟಿ ಕಿಲೋಮೀಟರ್ ಎಂದು ತಿಳಿದಿರುವುದರಿಂದ, ಆ ಅಂತರವನ್ನೇ ತ್ರಿಜ್ಯವಾಗಿಟ್ಟುಕೊಂಡು ಸೂರ್ಯನ ಸುತ್ತ ಒಂದು ಭಾರಿ ಗೋಳವನ್ನು ಕಲ್ಪಿಸಿಕೊಂಡರೆ, ಅದರ ಒಳಮೈಯ ಪ್ರತಿ ಚದರ ಮೀಟರಿಗೂ ಅದೇ 1361 ವ್ಯಾಟ್ ಬೀಳಬೇಕು. ಗೋಳದ ಇಡೀ ಮೈಯ ಲೆಕ್ಕ ಕೂಡಿದರೆ ಸೂರ್ಯನ ಒಟ್ಟು ಶಕ್ತಿ ಸಿಗುತ್ತದೆ. ಅದು ಸುಮಾರು 3.8 ಲಕ್ಷ ಕೋಟಿ ಕೋಟಿ ಕೋಟಿ ವ್ಯಾಟ್. ಇದರಲ್ಲಿ ನಮ್ಮ ಭೂಮಿಯ ಪಾಲಿಗೆ ಬರುವುದು 220 ಕೋಟಿಯಲ್ಲಿ ಒಂದು ಭಾಗ ಮಾತ್ರ; ಅಷ್ಟರಲ್ಲೇ ಕಡಲು ಆವಿಯಾಗಿ, ಘಟ್ಟಕ್ಕೆ ಮಳೆ ಬಂದು, ನೇತ್ರಾವತಿ ತುಂಬಿ ಹರಿದು, ಅಡಿಕೆಯೂ ಒಣಗುತ್ತದೆ.

ಈ ಸಂಖ್ಯೆ ಕೈಗೆ ಬಂದದ್ದೇ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಿಗೆ ದೊಡ್ಡ ತೊಡಕಾಯಿತು. ಸೂರ್ಯ ಇಡಿಯಾಗಿ ಕಲ್ಲಿದ್ದಲೇ ಆಗಿದ್ದರೆ ಈ ವೇಗದಲ್ಲಿ ಉರಿದು ಕೆಲವು ಸಾವಿರ ವರ್ಷಗಳಲ್ಲಿ ಬೂದಿಯಾಗಬೇಕಿತ್ತು. ಸೂರ್ಯ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕುಗ್ಗುತ್ತಿದ್ದು, ಆ ಕುಸಿತದಿಂದ ಶಾಖ ಹುಟ್ಟುತ್ತಿದೆ ಎಂದು ಹೆಲ್ಮ್‌ಹೋಲ್ಟ್ಸ್ ಮತ್ತು ಲಾರ್ಡ್ ಕೆಲ್ವಿನ್ ಹೇಳಿದರು. ಆ ಲೆಕ್ಕವೂ ಕೆಲವು ಕೋಟಿ ವರ್ಷಗಳಿಗಿಂತ ಮುಂದೆ ಹೋಗಲಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಹತ್ತಿ ಕೂರುವ ಬಂಡೆಯೇ ಸುಮಾರು 300 ಕೋಟಿ ವರ್ಷ ಹಳೆಯದೆಂದು ಮುಂದೆ ಗೊತ್ತಾಯಿತು. ಕಲ್ಲಿಗಿಂತ ಅದನ್ನು ಬೆಳಗುವ ಸೂರ್ಯ ಚಿಕ್ಕವನಾಗಿರಲಾರ; ಹಾಗಾದರೆ ಈ ಉರಿಗೆ ಬೇರೆಯೇ ಸೌದೆ ಇರಬೇಕು.

ಆ ಸೌದೆಯ ಬೂದಿ ಮೊದಲು ಕಣ್ಣಿಗೆ ಬಿದ್ದದ್ದು ಭಾರತದ ಆಕಾಶದಲ್ಲಿ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಇಂದಿನ ಉತ್ತರ ಕರ್ನಾಟಕದ ಮೂಲಕ ಹಾದು ಪೂರ್ವ ಕರಾವಳಿಗೆ ಹೋಯಿತು. ಫ್ರೆಂಚ್ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿ ಕಾದು ಕುಳಿತಿದ್ದನು. ನೀರಿನ ಪಾತ್ರೆಯಲ್ಲಿ ಬಿಸಿಲು ಅಳೆದ ಹರ್ಷೆಲನ ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ ತನ್ನ ಉಪಕರಣವನ್ನು ನಿಲ್ಲಿಸಿದ್ದನು. ಆ ಉಪಕರಣ ರೋಹಿತದರ್ಶಕ, ಅಂದರೆ ಬೆಳಕನ್ನು ಕಾಮನಬಿಲ್ಲಿನಂತೆ ಬಣ್ಣಬಣ್ಣದ ಪಟ್ಟಿಯಾಗಿ ಬಿಡಿಸಿ ತೋರಿಸುವ ಸಾಧನ. ಕಾದ ಅನಿಲ ಯಾವುದೆಂಬುದಕ್ಕೆ ಆ ಪಟ್ಟಿಯಲ್ಲಿ ಕಾಣುವ ಗೆರೆಗಳೇ ಕೈಬರಹ. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ಅಂಚಿನಲ್ಲಿ ನಾಲಗೆಯಂತೆ ಚಾಚಿ ನಿಂತ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ಗೆರೆಗಳು ಜಮಖಂಡಿಯಲ್ಲೂ ಗುಂಟೂರಿನಲ್ಲೂ ಕಂಡವು. ಅಂದರೆ ಆ ಜ್ವಾಲೆಗಳು ಕಾದ ಅನಿಲವೆಂಬುದು ಖಚಿತವಾಯಿತು. ಮಚಲೀಪಟ್ಟಣದಲ್ಲಿದ್ದ ಮದರಾಸು ಸರ್ಕಾರದ ಖಗೋಳಜ್ಞ ನಾರ್ಮನ್ ಪಾಗ್ಸನ್, ಹಳದಿ ಗೆರೆಯೊಂದು ಸೋಡಿಯಂ ಗೆರೆಯ ಜಾಗಕ್ಕೆ ಸರಿಯಾಗಿ ಕೂರುತ್ತಿಲ್ಲವೆಂಬುದನ್ನು ಗಮನಿಸಿದನು. ಇಂಗ್ಲೆಂಡಿನ ಲಾಕ್ಯರ್ ಅದು ಭೂಮಿಯಲ್ಲಿ ಕಂಡಿರದ ಮೂಲವಸ್ತುವಿನದೆಂದು ಸಾರಿದನು. ಗ್ರೀಕರ ಸೂರ್ಯ ‘ಹೀಲಿಯೊಸ್’ನಿಂದ ಅದಕ್ಕೆ ಹೀಲಿಯಂ ಎಂಬ ಹೆಸರಾಯಿತು. ಭೂಮಿಯ ಮೇಲೆ ಅದು ಪ್ರಯೋಗಶಾಲೆಯಲ್ಲಿ ಕೈಗೆ ಸಿಕ್ಕಿದ್ದು 1895ರಲ್ಲಿ.

ಅಂದು ಕಂಡದ್ದು ಬೂದಿಯ ಜಾತಿಯದೆಂದು ಯಾರಿಗೂ ಗೊತ್ತಿರಲಿಲ್ಲ. 1920ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಆಸ್ಟನ್ ಪರಮಾಣುಗಳನ್ನು ನಿಖರವಾಗಿ ತೂಗಿ, ನಾಲ್ಕು ಹೈಡ್ರೋಜನ್ ಪರಮಾಣುಗಳ ಒಟ್ಟು ತೂಕಕ್ಕಿಂತ ಒಂದು ಹೀಲಿಯಂ ಪರಮಾಣುವಿನ ತೂಕ ತುಸು ಕಡಿಮೆ ಎಂದು ಕಂಡುಕೊಂಡನು. ಅದೇ ವರ್ಷ ಆರ್ಥರ್ ಎಡಿಂಗ್ಟನ್ ಆ ಸಣ್ಣ ಕೊರತೆಯಲ್ಲೇ ಸೂರ್ಯನ ಗುಟ್ಟಿದೆ ಎಂದು ಊಹಿಸಿದನು. ಸಾವಿರ ಗ್ರಾಂ ಹೈಡ್ರೋಜನ್ ಕೂಡಿ ಹೀಲಿಯಂ ಆದಾಗ ಉಳಿಯುವುದು 993 ಗ್ರಾಂ; ಮಾಯವಾದ ಏಳು ಗ್ರಾಂ ಐನ್‌ಸ್ಟೈನರ ಸೂತ್ರದಂತೆ ಶಕ್ತಿಯಾಗಿ ಹೊರಬರುತ್ತದೆ. ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಆ ಏಳು ಗ್ರಾಮಿನ ಬೆಲೆ ಸುಮಾರು ಹದಿನೇಳೂವರೆ ಕೋಟಿ ಯೂನಿಟ್. ಹಗುರ ಪರಮಾಣುಗಳ ಬೀಜಗಳು ಹೀಗೆ ಒಂದಾಗಿ ಭಾರದ ಬೀಜವಾಗುವುದಕ್ಕೆ ಬೈಜಿಕ ಸಮ್ಮಿಲನ ಎಂದು ಹೆಸರು. ಇದು ಉರಿಯಲ್ಲ, ಏಕೆಂದರೆ ಇಲ್ಲಿ ಆಮ್ಲಜನಕದ ಕೆಲಸವೇ ಇಲ್ಲ. ಆದರೂ ‘ಉರಿ’ ಎಂಬ ಮಾತು ಬಳಕೆಯಲ್ಲಿ ನಿಂತಿದೆ, ಅರ್ಥ ತಿಳಿದು ಬಳಸಿದರೆ ತಪ್ಪೂ ಇಲ್ಲ.

ನಕ್ಷತ್ರಗಳಲ್ಲಿ ಹೈಡ್ರೋಜನ್ ಅಷ್ಟೊಂದು ಇದೆಯೇ ಎಂಬ ಸಂಶಯಕ್ಕೆ ಉತ್ತರ 1925ರಲ್ಲಿ ಬಂತು. ಮೇಘನಾದ ಸಾಹಾ 1920ರಲ್ಲಿ ಕೊಟ್ಟ ಸಮೀಕರಣವನ್ನು ಕೈಯಲ್ಲಿ ಹಿಡಿದು ಸಿಸಿಲಿಯಾ ಪೇನ್ ನಕ್ಷತ್ರಗಳ ರೋಹಿತವನ್ನು ಓದಿ, ಅವುಗಳ ಮೈ ಮುಖ್ಯವಾಗಿ ಹೈಡ್ರೋಜನ್ ಮತ್ತು ಹೀಲಿಯಂನದೆಂದು ತೋರಿಸಿದಳು. ಹಿರಿಯರು ಮೊದಲು ನಂಬಲಿಲ್ಲ, ಕೆಲವು ವರ್ಷಗಳಲ್ಲೇ ಒಪ್ಪಬೇಕಾಯಿತು. ಸಮ್ಮಿಲನದ ಹಂತಗಳನ್ನು ವಿವರವಾಗಿ ಬಿಡಿಸಿದ್ದು 1938–39ರಲ್ಲಿ ಹ್ಯಾನ್ಸ್ ಬೆಥೆ.

ಸೂರ್ಯನ ನಡುಗರ್ಭದಲ್ಲಿ ಉಷ್ಣತೆ ಸುಮಾರು 1.5 ಕೋಟಿ ಡಿಗ್ರಿ. ಅಲ್ಲಿ ಹೈಡ್ರೋಜನಿನ ಬೀಜಗಳಾದ ಪ್ರೋಟಾನುಗಳು ಅತಿ ವೇಗದಲ್ಲಿ ಓಡಾಡುತ್ತವೆ. ಎಲ್ಲಕ್ಕೂ ಧನ ವಿದ್ಯುತ್ತೇ ಇರುವುದರಿಂದ ಹತ್ತಿರ ಬಂದಂತೆಲ್ಲ ಒಂದನ್ನೊಂದು ದೂಡುತ್ತವೆ. ಅಪರೂಪಕ್ಕೊಮ್ಮೆ ಎರಡು ಪ್ರೋಟಾನುಗಳು ಆ ತಡೆಯನ್ನು ದಾಟಿ ಅಂಟಿಕೊಳ್ಳುತ್ತವೆ, ಆ ಕ್ಷಣದಲ್ಲಿ ಒಂದು ಪ್ರೋಟಾನು ನ್ಯೂಟ್ರಾನ್ ಆಗಿ ಬದಲಾಗುತ್ತದೆ. ಆ ಜೋಡಿಗೆ ಮೂರನೆಯ ಪ್ರೋಟಾನು ಸೇರಿ ಹಗುರ ಹೀಲಿಯಂ ಆಗುತ್ತದೆ. ಅಂಥ ಎರಡು ಹಗುರ ಹೀಲಿಯಂಗಳು ಕೂಡಿ ಪೂರ್ಣ ಹೀಲಿಯಂ ಆಗಿ, ಎರಡು ಪ್ರೋಟಾನುಗಳನ್ನು ಮರಳಿ ಬಿಟ್ಟುಕೊಡುತ್ತವೆ. ಇದರಲ್ಲಿ ಮೊದಲ ಹೆಜ್ಜೆಯೇ ಅತಿ ಕಷ್ಟದ್ದು. ಒಂದು ಪ್ರೋಟಾನು ತನ್ನ ಸರದಿಗಾಗಿ ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕಾಗುತ್ತದೆ. ಆದ್ದರಿಂದಲೇ ಸೂರ್ಯ ಬಾಂಬಿನಂತೆ ಸಿಡಿಯದೆ 460 ಕೋಟಿ ವರ್ಷಗಳಿಂದ ತಾಳ್ಮೆಯಿಂದ ಬೆಳಗುತ್ತಿದ್ದಾನೆ. ನಡುಗರ್ಭದ ಒಂದು ಘನ ಮೀಟರಿನಲ್ಲಿ ಹುಟ್ಟುವ ಶಾಖ ಮುನ್ನೂರು ವ್ಯಾಟಿಗಿಂತ ಕಡಿಮೆ. ಹಟ್ಟಿಯ ಹಿಂದೆ ಸೊಪ್ಪು, ಸೆಗಣಿ ಬೆರೆಸಿ ಒಟ್ಟಿದ ಗೊಬ್ಬರದ ರಾಶಿಯೊಳಗೆ ಕೈ ಹಾಕಿದಾಗ ತಗಲುವ ಕಾವನ್ನು ನೆನೆದರೆ ಸಾಕು, ಸೂರ್ಯನ ಹೊಟ್ಟೆಯ ಹಿಡಿಯೊಂದರಲ್ಲಿ ಹುಟ್ಟುವ ಶಾಖವೂ ಹೆಚ್ಚುಕಡಿಮೆ ಆ ದರ್ಜೆಯದೇ. ವ್ಯತ್ಯಾಸ ಇರುವುದು ರಾಶಿಯ ಗಾತ್ರದಲ್ಲಿ: ಅಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತದೆ, ಸುಮಾರು 42 ಲಕ್ಷ ಟನ್ ದ್ರವ್ಯ ಶಕ್ತಿಯಾಗಿ ಹೊರಟುಹೋಗುತ್ತದೆ.

ಒಳಗೆ ಹುಟ್ಟಿದ ಬೆಳಕು ಕಣದಿಂದ ಕಣಕ್ಕೆ ಬಡಿದು, ದಿಕ್ಕು ತಪ್ಪಿ, ಮೇಲ್ಮೈಗೆ ಬರಲು ಹತ್ತಾರು ಸಾವಿರ ವರ್ಷ ಬೇಕು. ಮೇಲ್ಮೈಯಿಂದ ಅಡಿಕೆ ಅಂಗಳಕ್ಕೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು ಸಾಕು. ಆದರೆ ಸಮ್ಮಿಲನದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣ ಯಾವುದಕ್ಕೂ ತಡೆಯದೆ ನೇರವಾಗಿ ಹೊರಬರುತ್ತದೆ. ಭೂಮಿಯ ಮೇಲೆ ಒಂದು ಚದರ ಸೆಂಟಿಮೀಟರಿನ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ಸೌರ ನ್ಯೂಟ್ರಿನೊಗಳು ಹಾದುಹೋಗುತ್ತವೆ. ಇವುಗಳನ್ನು ಹಿಡಿಯಲು ಬೇರೆ ಕಣಗಳ ಗದ್ದಲ ಇಳಿಯದ ನೆಲದಾಳ ಬೇಕು. ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, 1965ರಲ್ಲಿ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಅವು ಸೂರ್ಯನವಲ್ಲ, ಭೂಮಿಯ ವಾತಾವರಣದಲ್ಲೇ ಹುಟ್ಟಿದವು, ಮತ್ತು ಆ ಬಗೆಯವು ಜಗತ್ತಿನಲ್ಲೇ ಮೊದಲು ದಾಖಲಾದದ್ದು ಆ ವರ್ಷವೇ. ಕೋಲಾರದ ಆ ತಂಡದ ಮುಂದಾಳುಗಳಲ್ಲಿ ಒಬ್ಬರಾದ ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ, 1928ರಲ್ಲಿ. ಸೂರ್ಯನ ನ್ಯೂಟ್ರಿನೊಗಳನ್ನು ಅಮೆರಿಕದ ರೇ ಡೇವಿಸ್ ಹೋಮ್‌ಸ್ಟೇಕ್ ಗಣಿಯೊಳಗೆ ಎಣಿಸಿದಾಗ ನಿರೀಕ್ಷೆಯ ಮೂರನೆಯ ಒಂದು ಭಾಗ ಮಾತ್ರ ಸಿಕ್ಕಿ, ಆ ಒಗಟು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ನ್ಯೂಟ್ರಿನೊಗಳು ದಾರಿಯಲ್ಲಿ ತಮ್ಮ ಜಾತಿಯನ್ನು ಬದಲಿಸುತ್ತವೆಂದು 2001–02ರಲ್ಲಿ ಕೆನಡದ ಸಡ್‌ಬರಿಯ ವೀಕ್ಷಣಾಲಯ ತೋರಿಸಿದ ಮೇಲೆ ಲೆಕ್ಕ ಸರಿಹೋಯಿತು. ಸೂರ್ಯನ ಹೊಟ್ಟೆಯೊಳಗಿನ ಕೆಲಸವನ್ನು ಕಣ್ಣಾರೆ ಕಂಡಂತೆ ಹೇಳಲು ಇಂದು ಸಾಧ್ಯವಾಗಿರುವುದು ಈ ಕಣಗಳಿಂದ.

ಮಚಲೀಪಟ್ಟಣದ ಪಾಗ್ಸನ್ನನಿಗೆ ಈ ಕಥೆಯಲ್ಲಿ ಇನ್ನೊಂದು ಪಾತ್ರವಿದೆ, ಅದೇ ಹಿರಿಯದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿದ್ದುದರಿಂದ ಅವನು ಈ ಊರುಗಳ ಸರ್ಕಾರಿ ಖಗೋಳಜ್ಞನೂ ಹೌದು. 1861ರಿಂದ 1891ರಲ್ಲಿ ತೀರಿಕೊಳ್ಳುವವರೆಗೆ ಅವನು ಮದರಾಸು ವೀಕ್ಷಣಾಲಯವನ್ನು ನಡೆಸಿದನು. ಅಲ್ಲಿ ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಅವರು 1867ರಲ್ಲಿ ದಕ್ಷಿಣ ಆಕಾಶದ ರೆಟಿಕ್ಯುಲಮ್ ತಾರಾಪುಂಜದಲ್ಲಿ ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಪತ್ತೆ ಹಚ್ಚಿದರು. ಬೆಳಕು ಏರಿತು, ಇಳಿಯಿತು ಎಂದು ಹೇಳಬೇಕಾದರೆ ಎಷ್ಟು ಎಂದು ಹೇಳಲು ಒಂದು ಅಳತೆಗೋಲು ಬೇಕು. ಆ ಕೋಲನ್ನು ಪಾಗ್ಸನ್ ಭಾರತಕ್ಕೆ ಬರುವ ಮೊದಲೇ, 1856ರಲ್ಲಿ, ಕೊಟ್ಟಿದ್ದನು.

ಅದಕ್ಕೂ ಮೊದಲು ಎರಡು ಸಾವಿರ ವರ್ಷ ಖಗೋಳಜ್ಞರು ನಕ್ಷತ್ರಗಳನ್ನು ಕಣ್ಣಂದಾಜಿನಲ್ಲಿ ಆರು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸನದೆಂದು ಹೇಳುವ ಆ ಪದ್ಧತಿ ಟಾಲೆಮಿಯ ಗ್ರಂಥದಲ್ಲಿ ಉಳಿದು ಬಂದಿದೆ. ಅತಿ ಹೊಳೆಯುವುದು ಒಂದನೆಯ ದರ್ಜೆ, ಕಣ್ಣಿಗೆ ಕಂಡೂ ಕಾಣದಂತಿರುವುದು ಆರನೆಯದು. ನಕ್ಷತ್ರದ ಈ ಸಂಖ್ಯೆಗೆ ಕಾಂತಿಮಾನ ಎಂದು ಹೆಸರು, ಮತ್ತು ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು ಎಂಬುದನ್ನು ಹೊಸಬರು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ದರ್ಜೆ ಒಂದರ ನಕ್ಷತ್ರದಿಂದ ಬರುವ ಬೆಳಕು ದರ್ಜೆ ಆರರ ನಕ್ಷತ್ರದ್ದಕ್ಕಿಂತ ಸುಮಾರು ನೂರು ಪಟ್ಟು ಎಂದು ಅಷ್ಟರಲ್ಲಿ ಅಳೆದು ತಿಳಿದಿತ್ತು. ಪಾಗ್ಸನ್ ಆ ನೂರನ್ನೇ ನಿಯಮ ಮಾಡಿ, ಐದು ಮೆಟ್ಟಿಲಿಗೆ ಸರಿಯಾಗಿ ನೂರು ಪಟ್ಟು ಎಂದರೆ ಒಂದು ಮೆಟ್ಟಿಲಿಗೆ 2.512 ಪಟ್ಟು ಎಂದು ಗೊತ್ತುಪಡಿಸಿದನು, 2.512ನ್ನು ಐದು ಬಾರಿ ಗುಣಿಸಿದರೆ ನೂರು ಬರುತ್ತದೆ.

ಮೆಟ್ಟಿಲುಗಳು ಕೂಡಿಕೆಯಲ್ಲಿ ಏಕೆ ಇಲ್ಲ, ಗುಣಾಕಾರದಲ್ಲಿ ಏಕೆ ಇವೆ? ಕಾರ್ತಿಕ ಮಾಸದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಹೋದವರ ಕಣ್ಣೇ ಇದಕ್ಕೆ ಸಾಕ್ಷಿ. ಕತ್ತಲೆಯಲ್ಲಿ ಒಂದು ಹಣತೆ ಇದ್ದಾಗ ಎರಡನೆಯದನ್ನು ಹಚ್ಚಿದರೆ ಜಗಲಿ ಬೆಳಗಿದಂತೆ ಕಾಣುತ್ತದೆ. ಸಾವಿರ ಹಣತೆಗಳ ನಡುವೆ ಇನ್ನೊಂದನ್ನು ಹಚ್ಚಿದರೆ ಯಾರಿಗೂ ತಿಳಿಯುವುದಿಲ್ಲ. ಕಣ್ಣು ಬೆಳಕನ್ನು ಎಷ್ಟು ಹೆಚ್ಚಾಯಿತು ಎಂದು ನೋಡುವುದಿಲ್ಲ, ಎಷ್ಟು ಪಟ್ಟು ಹೆಚ್ಚಾಯಿತು ಎಂದು ನೋಡುತ್ತದೆ. ಹೀಗೆ ‘ಎಷ್ಟು ಪಟ್ಟು’ ಎಂಬುದನ್ನು ಮೆಟ್ಟಿಲುಗಳಾಗಿ ಎಣಿಸುವ ಗಣಿತಕ್ಕೆ ಶಾಲೆಯಲ್ಲಿ ಲಘುಗಣಕ ಎನ್ನುತ್ತಾರೆ. ಮಕ್ಕಳು ಅದನ್ನು ಹದಿನೇಳನೆಯ ಶತಮಾನದ ಸ್ಕಾಟ್ಲೆಂಡಿನ ನೇಪಿಯರನ ಹೆಸರಿನೊಂದಿಗೆ ಕಲಿಯುತ್ತಾರೆ. ಅದೇ ಎಣಿಕೆಯ ಒಂದು ಹಳೆಯ ರೂಪ ಮೂಡುಬಿದಿರೆಯ ತಾಳೆಗರಿಗಳಲ್ಲಿ ಇತ್ತು ಎಂಬುದು ಆ ಊರಿನ ಶಾಲೆಗಳಲ್ಲಾದರೂ ಎಲ್ಲ ಮಕ್ಕಳಿಗೂ ಗೊತ್ತಿರಬೇಕಾದ ಸಂಗತಿ.

ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇರುವುದು ಅಲ್ಲಿ ಕಾಪಾಡಿಕೊಂಡು ಬಂದ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳಿಂದ. ಪ್ರಾಕೃತ ಮತ್ತು ಸಂಸ್ಕೃತದಲ್ಲಿರುವ ಈ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿ ತಾಳೆಗರಿಗಳ ಮೇಲೆ ಬರೆಯಲ್ಪಟ್ಟಿದ್ದು, ಬೇರೆಲ್ಲೂ ಉಳಿಯದೆ ಇಲ್ಲಿ ಮಾತ್ರ ಉಳಿದವು. ಇಪ್ಪತ್ತನೆಯ ಶತಮಾನದಲ್ಲಿ ಪ್ರತಿಗಳು ಹೊರಬಂದು, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲಾ ಸಂಪುಟಗಳಾಗಿ ಅಚ್ಚಾಯಿತು. ರಾಷ್ಟ್ರಕೂಟರ ಕಾಲದ ವೀರಸೇನಾಚಾರ್ಯರು ಬರೆದ ಈ ಧವಲಾ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಪದ ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ಅರ್ಧಚ್ಛೇದ: 32ನ್ನು ಅರ್ಧ ಮಾಡುತ್ತ ಹೋದರೆ 16, 8, 4, 2, 1 ಎಂದು ಐದು ಸಲದಲ್ಲಿ ಒಂದಕ್ಕೆ ಬರುವುದರಿಂದ 32ರ ಅರ್ಧಚ್ಛೇದ ಐದು, ಎಂಟರದು ಮೂರು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ: 32ನ್ನು 8ರಿಂದ ಗುಣಿಸಿದರೆ 256, ಅದರ ಅರ್ಧಚ್ಛೇದ ಎಂಟು. ಮೂರರಿಂದ ಭಾಗಿಸುತ್ತ ಹೋದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಗುಣಾಕಾರವನ್ನು ಕೂಡಿಕೆಯಾಗಿಸುವುದೇ ಲಘುಗಣಕದ ಜೀವಾಳ, ಮತ್ತು ಅದು ಇಲ್ಲಿ ಸ್ಪಷ್ಟವಾಗಿ ಇದೆ. ವೀರಸೇನರು ಇದನ್ನು ನಕ್ಷತ್ರದ ಬೆಳಕಿಗೆ ಹಚ್ಚಲಿಲ್ಲ. ಜೈನ ಸಿದ್ಧಾಂತದಲ್ಲಿ ಬರುವ ಊಹೆಗೆ ಮೀರಿದ ದೊಡ್ಡ ಸಂಖ್ಯೆಗಳನ್ನು ಹಿಡಿತಕ್ಕೆ ತರಲು ಬಳಸಿದರು. ಪಾಗ್ಸನ್ನನ ಅಳತೆ ಇಲ್ಲಿಂದ ಹೋಯಿತೆಂದು ಯಾರಾದರೂ ಹೇಳಿದರೆ ಅದು ಸುಳ್ಳಾಗುತ್ತದೆ, ವೀರಸೇನರಿಗೆ ಅಂಥ ಸುಳ್ಳಿನ ಆಸರೆ ಬೇಕಿಲ್ಲ. ಆದರೆ ಕಾಂತಿಮಾನವನ್ನು ಕನ್ನಡದ ಓದುಗರಿಗೆ ತಿಳಿಸಿಹೇಳಲು ಇದಕ್ಕಿಂತ ಒಳ್ಳೆಯ ಮಾತು ಸಿಗುವುದಿಲ್ಲ. ಬೆಳಕು ಒಂದು ಸಲ ಅರ್ಧವಾದರೆ ನಕ್ಷತ್ರ ಮುಕ್ಕಾಲು ಮೆಟ್ಟಿಲು ಮಂಕಾಗುತ್ತದೆ; ಎರಡು ಸಲ ಅರ್ಧವಾಗಿ ಕಾಲು ಭಾಗಕ್ಕೆ ಬಂದರೆ ಒಂದೂವರೆ ಮೆಟ್ಟಿಲು.

ಈ ಕಾಲು ಭಾಗದ ಲೆಕ್ಕ ಅಂತರದೊಂದಿಗೆ ಹೊಂದಿಕೊಳ್ಳುವ ಬಗೆ ಸೊಗಸಾದದ್ದು. ದೀಪದಿಂದ ದೂರ ಸರಿದಂತೆ ಬೆಳಕು ಉದ್ದಕ್ಕೂ ಅಗಲಕ್ಕೂ ಹರಡಿಕೊಳ್ಳುವುದರಿಂದ, ಅಂತರ ಇಮ್ಮಡಿಯಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲಾಗುತ್ತದೆ. ವೀರಸೇನರ ಮಾತಿನಲ್ಲಿ ಹೇಳುವುದಾದರೆ ಅಂತರದ ಅರ್ಧಚ್ಛೇದ ಎಷ್ಟೋ ಬೆಳಕಿನ ಚತುರ್ಥಚ್ಛೇದ ಅಷ್ಟೇ: ಅಂತರ ಒಂದು ಸಲ ಇಮ್ಮಡಿಯಾದಂತೆ ನಕ್ಷತ್ರ ಒಂದೂವರೆ ಮೆಟ್ಟಿಲು ಮಂಕಾಗುತ್ತ ಹೋಗುತ್ತದೆ.

ಫೆಬ್ರವರಿಯ ನಡುವಿನಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಬಂಟ್ವಾಳದ ಬಯಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ನೆತ್ತಿಯ ಕಡೆಗೆ ಎತ್ತರದಲ್ಲಿ ಲುಬ್ಧಕ, ಅದರ ಕೆಳಗೆ ದಿಗಂತದಿಂದ ಇಪ್ಪತ್ತೈದು ಡಿಗ್ರಿಯಷ್ಟು ಮೇಲೆ ಅಗಸ್ತ್ಯ ಕಾಣುತ್ತವೆ. ರಾತ್ರಿಯ ಆಕಾಶದ ನಕ್ಷತ್ರಗಳಲ್ಲಿ ಹೊಳಪಿನಲ್ಲಿ ಲುಬ್ಧಕ ಮೊದಲು, ಕಾಂತಿಮಾನ −1.46, ಅಗಸ್ತ್ಯ ಎರಡನೆಯದು, −0.74. ಪಟ್ಟಿ ಸೊನ್ನೆಯ ಕೆಳಗೆ ಇಳಿದಿರುವುದು ಒಂದನೆಯ ದರ್ಜೆಗಿಂತಲೂ ಇವು ಪ್ರಕಾಶಮಾನವಾದುದರಿಂದ. ಅದೇ ಪಟ್ಟಿಯಲ್ಲಿ ಹುಣ್ಣಿಮೆ ಚಂದ್ರ −12.7, ಸೂರ್ಯ −26.7. ಲುಬ್ಧಕವೇ ದೊಡ್ಡ ನಕ್ಷತ್ರವೆಂದು ಕಣ್ಣು ಹೇಳುತ್ತದೆ. ಅದು ನಿಜವೇ ಎಂದು ತಿಳಿಯಲು ಅಂತರ ಬೇಕು. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಹಿನ್ನೆಲೆಯ ಮುಂದೆ ಜರುಗಿದಂತೆ ಕಾಣುವ ಹಾಗೆ, ಭೂಮಿ ಸೂರ್ಯನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದಾಗ ಹತ್ತಿರದ ನಕ್ಷತ್ರ ದೂರದವುಗಳ ಮುಂದೆ ತುಸು ಜರುಗುತ್ತದೆ. ಈ ಜರುಗಾಟಕ್ಕೆ ಲಂಬನ ಎಂದು ಹೆಸರು. 1838ರಲ್ಲಿ ಬೆಸೆಲ್ ಇದನ್ನು ಮೊದಲು ನಂಬುವಂತೆ ಅಳೆದನು. ಲುಬ್ಧಕದ ಲಂಬನ ಹುಣ್ಣಿಮೆ ಚಂದ್ರನ ಅಗಲದ ಐದು ಸಾವಿರದಲ್ಲಿ ಒಂದು ಪಾಲು, ಅದರಿಂದ ಬರುವ ಅಂತರ 8.6 ಜ್ಯೋತಿರ್ವರ್ಷ, ಅಂದರೆ ಬೆಳಕು ಎಂಟೂವರೆ ವರ್ಷಕ್ಕೂ ಮಿಕ್ಕಿ ನಡೆಯುವಷ್ಟು ದೂರ. ಅಗಸ್ತ್ಯದ ಅಂತರವನ್ನು 1989ರಲ್ಲಿ ಹಾರಿದ ಹಿಪ್ಪಾರ್ಕೋಸ್ ಉಪಗ್ರಹ ಅಳೆಯಿತು: ಸುಮಾರು 310 ಜ್ಯೋತಿರ್ವರ್ಷ.

ಅಗಸ್ತ್ಯ ಲುಬ್ಧಕಕ್ಕಿಂತ ಮೂವತ್ತಾರು ಪಟ್ಟು ದೂರ, ಅಂದರೆ ಐದು ಇಮ್ಮಡಿಗಿಂತ ತುಸು ಹೆಚ್ಚು. ಇಮ್ಮಡಿಗೆ ಒಂದೂವರೆಯಂತೆ ಏಳೂವರೆ ಮೆಟ್ಟಿಲು, ಆ ತುಸುವನ್ನೂ ಸೇರಿಸಿದರೆ 7.8. ಲುಬ್ಧಕವನ್ನು ಎತ್ತಿ ಅಗಸ್ತ್ಯದ ಜಾಗದಲ್ಲಿಟ್ಟರೆ ಅದರ ಕಾಂತಿಮಾನ 6.3 ಆಗಿ ಬರಿಗಣ್ಣಿಗೆ ಕಾಣದೆ ಹೋಗುತ್ತದೆ. ಅಗಸ್ತ್ಯವನ್ನು ಲುಬ್ಧಕದ ಜಾಗಕ್ಕೆ ತಂದರೆ ಅದು −8.5 ಆಗಿ, ಶುಕ್ರ ಅತಿ ಹೊಳೆಯುವ ದಿನಕ್ಕಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ಬೆಳಗಿ, ಅಂಗಳದಲ್ಲಿ ತೆಂಗಿನ ಮರದ ನೆರಳು ಬೀಳಿಸುತ್ತದೆ. ಎಲ್ಲ ನಕ್ಷತ್ರಗಳನ್ನೂ 32.6 ಜ್ಯೋತಿರ್ವರ್ಷದ ಒಂದೇ ಅಂತರದಲ್ಲಿಟ್ಟಂತೆ ಲೆಕ್ಕ ಹಾಕಿದ ಸಂಖ್ಯೆಗೆ ನಿರಪೇಕ್ಷ ಕಾಂತಿಮಾನ ಎನ್ನುತ್ತಾರೆ, ನಕ್ಷತ್ರದ ನಿಜವಾದ ಉರಿಯನ್ನು ಹೇಳುವುದು ಅದು: ಸೂರ್ಯನದು 4.8, ಲುಬ್ಧಕದ್ದು 1.4, ಅಗಸ್ತ್ಯದ್ದು −5.6ರ ಆಸುಪಾಸು. ನಮ್ಮ ಸೂರ್ಯನಂಥ ಇಪ್ಪತ್ತೈದು ಸೂರ್ಯರು ಸೇರಿದರೆ ಲುಬ್ಧಕ, ಹತ್ತು ಸಾವಿರಕ್ಕೂ ಹೆಚ್ಚು ಸೇರಿದರೆ ಅಗಸ್ತ್ಯ.

ಇಲ್ಲಿ ಅಳತೆ ಮತ್ತೆ ಉರಿಯ ಕಡೆಗೆ ತಿರುಗುತ್ತದೆ. ಲುಬ್ಧಕದ ದ್ರವ್ಯರಾಶಿ ಸೂರ್ಯನ ಎರಡು ಪಟ್ಟು ಮಾತ್ರ, ಖರ್ಚು ಇಪ್ಪತ್ತೈದು ಪಟ್ಟು. ದ್ರವ್ಯ ಹೆಚ್ಚಿದಂತೆ ನಡುಗರ್ಭ ಇನ್ನೂ ಕಾಯುತ್ತದೆ, ಕಾದಂತೆ ಸಮ್ಮಿಲನ ವಿಪರೀತವಾಗಿ ಚುರುಕಾಗುತ್ತದೆ. ಸೂರ್ಯನಿಗಿಂತ ಭಾರದ ನಕ್ಷತ್ರಗಳಲ್ಲಿ ಇಂಗಾಲ, ಸಾರಜನಕ, ಆಮ್ಲಜನಕದ ಬೀಜಗಳು ಮಧ್ಯವರ್ತಿಗಳಾಗಿ ನಿಂತು ಹೈಡ್ರೋಜನನ್ನು ಬೇಗಬೇಗ ಹೀಲಿಯಂ ಮಾಡುತ್ತವೆ. ದೊಡ್ಡ ಆಸ್ತಿ, ಅದಕ್ಕೂ ದೊಡ್ಡ ಖರ್ಚು. ಆದ್ದರಿಂದ ಭಾರದ ನಕ್ಷತ್ರಗಳ ಆಯುಸ್ಸು ಕಡಿಮೆ. ಸೂರ್ಯನಿಗೆ ಒಟ್ಟು ಸಾವಿರ ಕೋಟಿ ವರ್ಷದ ಬಾಳಿದ್ದರೆ ಲುಬ್ಧಕಕ್ಕೆ ಅದರ ಹತ್ತನೆಯ ಒಂದು ಭಾಗದಷ್ಟು.

ಮುಗಿಯುತ್ತ ಬಂದ ನಕ್ಷತ್ರವೊಂದರ ಹೆಸರು ಈ ಸೀಮೆಯ ಪ್ರತಿ ಗದ್ದೆಯ ಬದುವಿನಲ್ಲೂ ಬಾಯಿಗೆ ಬರುತ್ತದೆ. ಜೂನ್ ಕೊನೆಯ ವಾರದಲ್ಲಿ ಹಿಡಿಯುವ ಮಳೆಗೆ ಆರಿದ್ರಾ ಮಳೆ ಎಂದು ಹೆಸರು ಬಂದಿರುವುದು ಸೂರ್ಯ ಆಗ ಆರ್ದ್ರಾ ನಕ್ಷತ್ರದ ಪಾಲಿನಲ್ಲಿರುವುದರಿಂದ. ಮಳೆಗೆ ತನ್ನ ಹೆಸರು ಕೊಟ್ಟ ಆ ನಕ್ಷತ್ರ ಆ ದಿನಗಳಲ್ಲಿ ಕಾಣುವುದೇ ಇಲ್ಲ; ಮೋಡ ಸರಿದರೂ ಅದು ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುತ್ತದೆ. ಡಿಸೆಂಬರಿನಲ್ಲಿ ಬೆಳ್ತಂಗಡಿಯಿಂದ ನೋಡಿದರೆ ಸಂಜೆಯ ಮೇಲೆ ಘಟ್ಟದ ಸಾಲಿನಿಂದ ಅದು ಕೆಂಪಗೆ ಏರಿಬರುತ್ತದೆ. ಪಾಶ್ಚಾತ್ಯರು ಅದನ್ನು ಬೀಟಲ್‌ಜ್ಯೂಸ್ ಎನ್ನುತ್ತಾರೆ. ಹೊಟ್ಟೆಯ ಹೈಡ್ರೋಜನ್ ತೀರಿದ ಮೇಲೆ ಅದರ ನಡುಗರ್ಭ ಕುಗ್ಗಿ ಹತ್ತು ಕೋಟಿ ಡಿಗ್ರಿಗೂ ಮೇಲೆ ಕಾದು, ಹಿಂದಿನ ಬೂದಿಯಾಗಿದ್ದ ಹೀಲಿಯಂ ಈಗ ಸೌದೆಯಾಗಿದೆ: ಮೂರು ಹೀಲಿಯಂ ಬೀಜಗಳು ಸೇರಿ ಒಂದು ಇಂಗಾಲ. ಹೊರಮೈ ಉಬ್ಬಿ ತಣಿದು ಕೆಂಪಾಗಿದೆ. 2019ರ ಅಕ್ಟೋಬರಿನಿಂದ ಅದು ಮಂಕಾಗುತ್ತ ಬಂದು, ಎಂದಿನ 0.5ರ ಆಸುಪಾಸಿನಿಂದ 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿದಾಗ, ಸಿಡಿಯುವ ಕಾಲ ಬಂತೇ ಎಂದು ಜಗತ್ತು ಕಾತರಿಸಿತು. 1.1 ಮೆಟ್ಟಿಲೆಂದರೆ ಬೆಳಕು ಮೂರನೆಯ ಒಂದು ಭಾಗದ ಸಮೀಪಕ್ಕೆ ಬಂದಂತೆ. ಆದರೆ ಇಳಿದದ್ದು ನಡುಗರ್ಭದ ಉರಿಯಲ್ಲ. ನಕ್ಷತ್ರ ತನ್ನ ಮೈಯಿಂದ ಉಗುಳಿದ ಅನಿಲ ತಣಿದು ಧೂಳಾಗಿ ನಮ್ಮ ನೋಟಕ್ಕೆ ಅಡ್ಡ ನಿಂತಿತ್ತು. ಆ ವರ್ಷದ ಏಪ್ರಿಲ್ ಹೊತ್ತಿಗೆ ಬೆಳಕು ಹಿಂದಿನಂತಾಯಿತು.

ಈಗ ಬೆಳಕನ್ನು ಅಳೆಯುವುದು ಕಣ್ಣಲ್ಲ. ಬಿದ್ದ ಬೆಳಕಿನ ಕಣಗಳನ್ನು ಎಲೆಕ್ಟ್ರಾನುಗಳಾಗಿ ಎಣಿಸುವ ಸಿಸಿಡಿ ಎಂಬ ಸಿಲಿಕಾನ್ ಫಲಕ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ 2.34 ಮೀಟರ್ ಕನ್ನಡಿಯ ದೂರದರ್ಶಕವನ್ನು ನಡೆಸುತ್ತದೆ. ಲಡಾಖಿನ ಹಾನ್ಲೆಯ ಬೆಟ್ಟದ ಮೇಲಿರುವ ಅದರ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತೇ ತಿರುಗಿಸುತ್ತಾರೆ. ಸೂರ್ಯನ ಕಿರೀಟವನ್ನು, ಅಂದರೆ ಅದರ ಹೊರ ವಾತಾವರಣವನ್ನು, ನೋಡಲು 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ–ಎಲ್1 ನೌಕೆಯ ಮುಖ್ಯ ಉಪಕರಣ ಸಿದ್ಧವಾದದ್ದೂ ಹೊಸಕೋಟೆಯಲ್ಲೇ. ಅಲ್ಲಿನ ಪ್ರಯೋಗಶಾಲೆಗೆ ಮಂಗಳೂರಿನಲ್ಲಿ ಹುಟ್ಟಿದ ಆ ಮೆನನ್ ಅವರ ಹೆಸರಿದೆ. ಉಪಕರಣ ಎಷ್ಟೇ ಸೂಕ್ಷ್ಮವಾದರೂ ಕ್ರಮ ಮಾತ್ರ ಹಳೆಯದೇ: ಅಳೆಯಬೇಕಾದ ನಕ್ಷತ್ರವನ್ನು, ಬೆಳಕು ಬದಲಾಗದೆಂದು ಗೊತ್ತಿರುವ ಪಕ್ಕದ ನಕ್ಷತ್ರದೊಡನೆ ಹೋಲಿಸುವುದು.

ಆ ಕ್ರಮಕ್ಕೆ ಬರಿಗಣ್ಣೂ ಸಾಲುತ್ತದೆ. ಆರ್ದ್ರಾ ನೆತ್ತಿಯ ಹತ್ತಿರ ಬಂದ ಹೊತ್ತಿನಲ್ಲಿ, ಅದರ ಪೂರ್ವಕ್ಕಿರುವ ಪ್ರೋಸಿಯಾನ್ (ಕಾಂತಿಮಾನ 0.3) ಮತ್ತು ಪಶ್ಚಿಮದ ರೋಹಿಣಿ (0.9) ಇವೆರಡರ ನಡುವೆ ಅದು ಯಾವುದರ ಕಡೆಗೆ ಎಷ್ಟು ವಾಲಿದೆ ಎಂದು ನೋಡಬೇಕು, ನಟ್ಟನಡುವೆ ಎನಿಸಿದರೆ 0.6 ಎಂದು ದಿನಾಂಕ, ಹೊತ್ತಿನೊಂದಿಗೆ ಬರೆದಿಡಬೇಕು. ಮೂರೂ ಸಾಕಷ್ಟು ಎತ್ತರದಲ್ಲಿರಬೇಕು, ಏಕೆಂದರೆ ಕರಾವಳಿಯ ತೇವದ ಗಾಳಿ ದಿಗಂತದ ಬಳಿ ನಕ್ಷತ್ರದ ಬೆಳಕನ್ನು ಬಹಳಷ್ಟು ನುಂಗುತ್ತದೆ. ಕೆಂಪು ನಕ್ಷತ್ರವನ್ನು ಒಂದೇ ಸಮನೆ ದಿಟ್ಟಿಸಿದರೆ ಅದು ಇರುವುದಕ್ಕಿಂತ ಹೆಚ್ಚು ಹೊಳೆದಂತೆ ತೋರುತ್ತದೆ, ಆದ್ದರಿಂದ ಕಣ್ಣನ್ನು ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಹೊರಳಿಸಬೇಕು. 2020ರ ಫೆಬ್ರವರಿಯಲ್ಲಿ ಹೀಗೆ ನೋಡಿದವರಿಗೆ ಆರ್ದ್ರಾ ರೋಹಿಣಿಗಿಂತ ಕೆಳಗಿಳಿದು, ಆರ್ದ್ರಾ ಒಂದು ಹೆಗಲಾಗಿರುವ ಮಹಾವ್ಯಾಧ ತಾರಾಪುಂಜದ ಇನ್ನೊಂದು ಹೆಗಲಿನಲ್ಲಿರುವ 1.6ರ ಬೆಲಾಟ್ರಿಕ್ಸ್ ನಕ್ಷತ್ರಕ್ಕೆ ಸಮನಾಗಿ ನಿಂತಿತ್ತು. ಎರಡು ಹೆಗಲುಗಳೂ ಒಂದೇ ಬೆಳಕಿನವು, ಒಂದು ಕೆಂಪು, ಒಂದು ನೀಲಿಬಿಳಿ.